ನೆಟ್‌ವರ್ಕ್ ಇಲ್ಲದ ಊರಿಗೆ ಮೂಡಲ್: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಲೈವ್ ಕ್ಲಾಸ್ ಮಾಡುವುದಿಲ್ಲ. ಮಾಡಿ ಮಾಡಿ ಸಾಕಾಗಿ ಬಿಟ್ಟವನು. ಶಿರಸಿಯಲ್ಲಿ ಬಿ.ಕಾಂ. ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್, ಅಕೌಂಟ್ಸ್ ಹೇಳಿಕೊಡುತ್ತೇನೆ. ಜುಲೈ ಬಂತೆಂದರೆ ಮಳೆ ರಜೆ, ಪೋರ್ಷನ್ ಹಿಂದೆ. ರಜೆಯ ದಿನ ಗೂಗಲ್ ಮೀಟ್‌ನಲ್ಲಿ ಕ್ಲಾಸ್ ಇಟ್ಟರೆ 64 ಜನರಲ್ಲಿ ಹೆಚ್ಚೆಂದರೆ 20 ಮುಖ. ಬಂದವರ ಪೈಕಿ ಒಬ್ಬ ಗುಡ್ಡದ ತಲೆಯ ಮೇಲೆ ಕೊಡೆ ಹಿಡಿದು ನಿಂತಿರುತ್ತಿದ್ದ. ಅವನ ಮೈಕ್ ಆನ್ ಆದರೆ ನಮಗೆಲ್ಲ ಮಳೆಯ ಸದ್ದು ಮಾತ್ರ.

ಪಾಠ, ಟೆಸ್ಟ್ ಎಲ್ಲ ಒಂದೇ ಕಡೆ ಇಡುವ ಮೂಡಲ್ ಎಂಬ ಉಚಿತ ಸಾಫ್ಟ್‌ವೇರ್ ಹಾಕುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. "ಮೂಡಲೋ, ಪಡುವಲೋ?" ಅಂದರು ಒಬ್ಬರು. ನಮ್ಮ ಹಿರಿಯರೊಬ್ಬರಂತೂ, "ಮಾರಾಯಾ, ಕರೆಂಟೇ ಇರ್ತಿಲ್ಲೆ, ನಿಂಗೆ ಮೂಡಲ್ ಎಂತಕ್ಕೆ? ವಾಟ್ಸಾಪ್ ಸಾಕಪ್ಪ" ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ಆದರೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಮೇಲೆ ಗುಡ್ ಮಾರ್ನಿಂಗ್ ಬಂದು ಕೂರುತ್ತದೆ. ಯಾರು ಬರೆದರು, ಯಾರು ನೋಡಿ ಬರೆದರು ಎಂಬ ಲೆಕ್ಕವೂ ಇಡಲಾಗುವುದಿಲ್ಲ.

ನಾನು ಹಿಡಿದ ದಾರಿ ಇಷ್ಟೇ. ಪೇಟೆಗೆ ಬಂದಾಗ ಪಾಠ ಇಳಿಸಿಕೊಳ್ಳಲಿ, ಮನೆಯಲ್ಲಿ ಕೇಳಲಿ, ಅಲ್ಲೇ ಟೆಸ್ಟ್ ಬರೆಯಲಿ, ಮುಂದಿನ ಸಲ ಸಿಗ್ನಲ್ ಸಿಕ್ಕಾಗ ಉತ್ತರ ತಾನಾಗಿ ಸರ್ವರ್‌ಗೆ ಹೋಗಲಿ. ಮೂಡಲ್ ಆ್ಯಪ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಕ್ವಿಜ್ ಸೆಟ್ಟಿಂಗ್‌ನಲ್ಲಿ ಆಫ್‌ಲೈನ್ ಅನುಮತಿ ಕೊಡಬೇಕು, ಟೈಮ್ ಲಿಮಿಟ್ ತೆಗೆಯಬೇಕು, ಬಿಹೇವಿಯರ್ (ಸರಿ-ತಪ್ಪು ಯಾವಾಗ ತೋರಿಸಬೇಕು ಎಂಬುದು) ಬರೆದು ಮುಗಿದ ಮೇಲೆಯೇ ತೋರಿಸುವ ಡಿಫರ್ಡ್ ಫೀಡ್‌ಬ್ಯಾಕ್‌ನಲ್ಲಿರಬೇಕು. ಇದು ತಲೆಗೆ ಹೋಗಲು ನನಗೆ ಒಂದು ತಿಂಗಳು ಹಿಡಿಯಿತು. 30 ನಿಮಿಷದ ಟೈಮ್ ಲಿಮಿಟ್ ಇಟ್ಟುಕೊಂಡೇ, ಆಫ್‌ಲೈನ್ ಯಾಕೆ ಆಗ್ತಿಲ್ಲ ಎಂದು ಮೊಬೈಲ್‌ಗೆ ಬೈಯುತ್ತಿದ್ದೆ.

ಈಗ ದುಡ್ಡಿನ ಕಥೆ. ಮೊದಲು ಕಂಡಿದ್ದು ಅಗ್ಗದ ಶೇರ್ಡ್ ಹೋಸ್ಟಿಂಗ್, ಅಂದರೆ ಹತ್ತಾರು ಸೈಟ್‌ಗಳು ಹಂಚಿಕೊಳ್ಳುವ ಸರ್ವರ್. ಡೊಮೇನ್ ಸೇರಿ ವರ್ಷಕ್ಕೆ ಸುಮಾರು 3,000. ಅಲ್ಲಿ ಕ್ರಾನ್ (ಹಿನ್ನೆಲೆಯ ಕೆಲಸಗಳನ್ನು ಹೊತ್ತು ಹೊತ್ತಿಗೆ ತಾನಾಗಿ ಮಾಡಿಸುವ ವ್ಯವಸ್ಥೆ) ನಿಮಿಷಕ್ಕೊಮ್ಮೆ ಓಡಿಸಲು ಬಿಡುತ್ತಿರಲಿಲ್ಲ. ಮೂಡಲ್‌ಗೆ ಅದೇ ಉಸಿರು ಅಲ್ವಾ? ಬೆಳಿಗ್ಗೆ ಹಾಕಿದ ನೋಟಿಸ್ ಮಧ್ಯಾಹ್ನ ಹೋಗುತ್ತಿತ್ತು. ಮೊದಲ ಇಂಟರ್ನಲ್‌ಗೆ ರಾತ್ರಿ 9ಕ್ಕೆ ಡೆಡ್‌ಲೈನ್ ಇಟ್ಟೆ. ಎಂಟೂಮುಕ್ಕಾಲಿಗೆ ಎಲ್ಲರೂ ಒಟ್ಟಿಗೆ ನುಗ್ಗಿದರು, ಸೈಟ್ ಮಲಗಿತು. ಹನ್ನೊಂದರವರೆಗೆ ಫೋನ್ ಬಂದದ್ದೇ ಬಂದದ್ದು. ರಿನ್ಯೂವಲ್‌ಗೆ ದುಪ್ಪಟ್ಟು ಕೇಳಿದಾಗ ಕೈ ಮುಗಿದು ಹೊರಗೆ ಬಂದೆ. ಈಗ ಸಣ್ಣ ವಿಪಿಎಸ್ (ನಮ್ಮ ಪಾಲಿಗೇ ಬಿಟ್ಟ ವರ್ಚುವಲ್ ಸರ್ವರ್) ಇದೆ, ತಿಂಗಳಿಗೆ 500-600. ಡೆಡ್‌ಲೈನ್ ಬೆಳಿಗ್ಗೆ 11ಕ್ಕೆ ಇಡುತ್ತೇನೆ. ಅಷ್ಟೊತ್ತಿಗೆ ಹುಲೇಕಲ್ ಕಡೆಯ ಬಸ್ಸು ಬಂದಿರುತ್ತದೆ, ಮಕ್ಕಳ ಫೋನಿಗೆ ಜೀವ ಬಂದಿರುತ್ತದೆ.

ರಿಂಗ್ ಲೈಟ್, ಸ್ಟ್ಯಾಂಡ್ ಅಂತ 3,000 ಚಿಲ್ಲರೆ ನೀರಿಗೆ ಹಾಕಿದೆ. ಅದೀಗ ನಮ್ಮನೆಯ ಗಣಪತಿ ಮಂಟಪಕ್ಕೆ ದೀಪ. ಉಪಯೋಗಕ್ಕೆ ಬಂದದ್ದು 900 ರೂಪಾಯಿಯ ಕಾಲರ್ ಮೈಕ್ ಒಂದೇ. ಎಲ್ಲ ಸೇರಿ ಎರಡು ವರ್ಷದಲ್ಲಿ 20,000ದ ಆಸುಪಾಸು ಕೈಯಿಂದ ಹೋಗಿದೆ. ಕಾಲೇಜಿನಿಂದ ಬಂದದ್ದು ಒಂದು ಶಾಲು.

ವಿಡಿಯೋ ಬಿಟ್ಟೆ. 40 ನಿಮಿಷದ ವಿಡಿಯೋ 350 ಎಂಬಿ ಆಗುತ್ತಿತ್ತು, ಇಳಿಸಿಕೊಂಡವರು ನಾಲ್ಕೇ ಜನ. ಈಗ 12 ನಿಮಿಷದ ಆಡಿಯೋ, ಎಂಪಿ3, ಮೋನೋ, 32 ಕೆಬಿಪಿಎಸ್. ಮೂರು ಎಂಬಿಯೊಳಗೆ ಮುಗಿಯುತ್ತದೆ. ಜೊತೆಗೆ ಕೈಯಲ್ಲಿ ಬರೆದ ಎರಡು ಪುಟ ಲೆಕ್ಕ. ಆಡಿಯೋದಲ್ಲಿ "ಮೂರನೇ ಸಾಲು ನೋಡಿ" ಅನ್ನುತ್ತೇನೆ, ಅವರು ಪುಟ ನೋಡುತ್ತಾರೆ. ನಮ್ಮನೆ ಮಾಡಿಗೆ ತಗಡಿನ ಶೀಟು. ಮಳೆ ಹೊಡೆದರೆ ರೆಕಾರ್ಡಿಂಗ್ ಅಲ್ಲಿಗೇ ಮುಗಿಯಿತು. ಹಾಗಾಗಿ ಒಳಗಿನ ಕೋಣೆಯಲ್ಲಿ ಗೋಡೆಗೆ ಹಾಸಿಗೆ ಒರಗಿಸಿ, ತಲೆ ಮೇಲೆ ಕಂಬಳಿ ಹೊದ್ದು ಮಾತಾಡುತ್ತೇನೆ. ನೋಡಿದವರಿಗೆ ಜ್ವರ ಬಂದವನ ಹಾಗೆ ಕಾಣಬಹುದು. ಸುಗ್ಗಿಯಲ್ಲಿ ಒಬ್ಬ ಹುಡುಗಿ ಹೇಳಿದಳು, "ಸರ್, ಅಡಿಕೆ ಸುಲಿಯುವಾಗ ನಿಮ್ಮ ಪಾಠ ಹಾಕ್ತೇವೆ. ಅಜ್ಜಿಗೂ ಮೀಡಿಯನ್ ಗೊತ್ತಾಗಿದೆ." ಮೆಟ್ಟುಗತ್ತಿ ಮುಂದೆ ಕೂತವರ ಕೈ ಬಿಡುವಿರುವುದಿಲ್ಲ, ಕಿವಿ ಇರುತ್ತದಲ್ಲ. ಇದು ನನ್ನ ಪ್ಲಾನ್‌ನಲ್ಲೇ ಇರಲಿಲ್ಲ.

ಪ್ರಶ್ನೆಗಳಿಗೆ ಕ್ಯಾಲ್ಕುಲೇಟೆಡ್ ಟೈಪ್ ಬಳಸಿ. ಪ್ರಶ್ನೆ ಒಂದೇ, ಅಂಕಿ ಒಬ್ಬೊಬ್ಬರಿಗೆ ಒಂದೊಂದು. ನಾನು ರಾಶಿ ಎಂಬ ಬಗೆಯ ಅಡಿಕೆಯ ಐದು ದಿನದ ದರ ಕೊಟ್ಟು ಸರಾಸರಿ ಕೇಳಿದೆ. ಅಂಕಿ ಬದಲಾಗುವ ಜಾಗಕ್ಕೆ, ಅಂದರೆ ವೈಲ್ಡ್ ಕಾರ್ಡ್‌ಗೆ 2,000ದಿಂದ 90,000 ಅಂತ ರೇಂಜ್ ಕೊಟ್ಟುಬಿಟ್ಟಿದ್ದೆ. ಒಬ್ಬನಿಗೆ ಸೋಮವಾರ ಕ್ವಿಂಟಲ್‌ಗೆ 2,300, ಮಂಗಳವಾರ 88,000! "ಸರ್, ಸೋಮವಾರ ಯಾವ ಪೇಟೆಯಲ್ಲಿ ಸಿಗ್ತದೆ ಹೇಳಿ, ಅಪ್ಪ ಲಾರಿ ತಗೊಂಡು ಹೋಗ್ತಾರೆ" ಅಂತ ಬರೆದು ಕಳಿಸಿದ. ಈಗ ರೇಂಜ್ ಬಿಗಿಯಾಗಿ ಇಡುತ್ತೇನೆ. ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ ಅಡಿಕೆಯ ಬಗೆ ಎಲ್ಲದರ ನಿಜವಾದ ದರವನ್ನು ಸುಮಾರಾಗಿ ನೋಡಿಯೇ ಹಾಕುತ್ತೇನೆ. ಇಂಡೆಕ್ಸ್ ನಂಬರ್ (ಸೂಚ್ಯಂಕ) ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನಮ್ಮ ಕಡೆ ಸಿಗುವುದಿಲ್ಲ. ಟಾಲರೆನ್ಸ್, ಅಂದರೆ ಉತ್ತರದಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದನ್ನು, ಕೊಡಲು ಮರೆಯಬೇಡಿ, ಇಲ್ಲವಾದರೆ ಎರಡನೇ ದಶಮಾಂಶಕ್ಕೆ ಜಗಳ ಬರುತ್ತದೆ.

ಇದರಿಂದ ಇನ್ನೊಂದು ಲಾಭ. ಗೆಳೆಯನ ಉತ್ತರ ನಕಲು ಮಾಡಿದರೆ ಅವನ ಅಂಕಿಯ ಉತ್ತರವೇ ಇಲ್ಲಿ ಬಂದು ಕೂರುತ್ತದೆ. ಯಾರದ್ದು ಯಾರಿಗೆ ಹೋಯಿತು ಎಂದು ಐದು ನಿಮಿಷದಲ್ಲಿ ಹೊರತೆಗೆಯುವ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ಥಿಯರಿ ಪ್ರಶ್ನೆಗಳನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯುವ ಗಿಫ್ಟ್ ಫಾರ್ಮ್ಯಾಟ್‌ನಲ್ಲಿ ಒಟ್ಟಿಗೆ ಏರಿಸುತ್ತೇನೆ. ಇಲ್ಲಿ ಎರಡು ಸಲ ಮುಗ್ಗರಿಸಿದೆ. ಹಳೆಯ ಪ್ರಶ್ನೆಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿದ್ದವು. ಏರಿಸಿದರೆ ಪರದೆ ತುಂಬ ಇರುವೆ ಸಾಲು. ಎಲ್ಲ ಕಡೆ ಓದಲಾಗುವ ಯೂನಿಕೋಡ್‌ಗೆ ಬದಲಿಸಿದರೂ ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದವು. ಸುಮಾರು 400 ಪ್ರಶ್ನೆ ಕೂತು ತಿದ್ದಿದೆ. ಇನ್ನೊಂದು, ಆಯ್ಕೆಯ ಒಳಗೆ ಸಮ ಚಿಹ್ನೆ ಇದ್ದರೆ ಗಿಫ್ಟ್ ಅದನ್ನು ಸರಿಯುತ್ತರದ ಗುರುತು ಅಂದುಕೊಳ್ಳುತ್ತದೆ. ಆ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಷ್ ಹಾಕಲೇಬೇಕು. ಹಾಕದೆ ಒಂದು ಟೆಸ್ಟ್‌ನಲ್ಲಿ ತಪ್ಪು ಬರೆದವರಿಗೆಲ್ಲ ಅಂಕ ಬಂತು. ಆ ಸಲ ಮಾತ್ರ ಯಾರೂ ಫೋನ್ ಮಾಡಲಿಲ್ಲ.

ಪಾಸ್‌ವರ್ಡ್ ವಿಷಯ ಚಿಕ್ಕದು, ಆದರೆ ಜೀವ ತಿನ್ನುತ್ತದೆ. ಮೂಡಲ್ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಕೇಳುತ್ತದೆ. ಪಾಲಿಸಿಯಲ್ಲಿ ಚಿಹ್ನೆ ತೆಗೆದು ಹಾಕಿದೆ, ಅರ್ಧ ಫೋನ್ ಕರೆ ನಿಂತವು. ನಮಗೆ ಸಿಕ್ಕ ಉಚಿತ ಆ್ಯಪ್ ಪ್ಲಾನ್‌ನಲ್ಲಿ ಎರಡೇ ಕೋರ್ಸ್ ಆಫ್‌ಲೈನ್ ಇಳಿಸಲು ಆಗುತ್ತಿತ್ತು. ನಾನು ಎಲ್ಲ ಪೇಪರನ್ನೂ ಒಂದೇ ಕೋರ್ಸ್‌ನೊಳಗೆ ಬೇರೆ ಬೇರೆ ಸೆಕ್ಷನ್ ಮಾಡಿ ತುಂಬಿದೆ. ಒಂದು ಎಚ್ಚರಿಕೆ: ಆಫ್‌ಲೈನ್‌ನಲ್ಲಿ ಬರೆಯುತ್ತಿರುವಾಗ ಅದೇ ಟೆಸ್ಟನ್ನು ಇನ್ನೊಂದು ಫೋನಿನಲ್ಲಿ ತೆರೆಯಬಾರದು. ಒಬ್ಬಳ ಅಣ್ಣ ತನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು ಸಬ್ಮಿಟ್ ಒತ್ತಿಬಿಟ್ಟ. ಅವಳು ಎರಡು ತಾಸು ಬರೆದದ್ದೆಲ್ಲ ಹೋಯಿತು, ಪಾಪ. ಮತ್ತೊಂದು ಅಟೆಂಪ್ಟ್ ಕೊಟ್ಟೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಳಗೆ, ಅದನ್ನೇ ಮೂಡಲ್ ಸರ್ವರ್ ಮಾಡುವ ಮೂಡಲ್‌ಬಾಕ್ಸ್ ಹಾಕಿ ಕಾಲೇಜಿನ ಜಗಲಿಯಲ್ಲಿಟ್ಟೆ. ಇಂಟರ್ನೆಟ್ ಬೇಡ, ಅದರ ವೈಫೈ ಹಿಡಿದರೆ ಪಾಠ ಇಳಿಯುತ್ತದೆ. 20 ಫೋನಿನವರೆಗೆ ಚೆನ್ನಾಗಿ ನಡೆಯಿತು, ಆಮೇಲೆ ತೆವಳಿತು. ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡಿ ಮೆಮೊರಿ ಕಾರ್ಡ್ ಸತ್ತಿತು. ಸಣ್ಣ ಯುಪಿಎಸ್ ಸಿಕ್ಕರೆ ಮತ್ತೆ ಇಡಬೇಕು ಅಂತಿದ್ದೇನೆ. ನಮ್ಮ ಮನೆಯಲ್ಲಿ ಇನ್ನೂ ಹೇಳಿಲ್ಲ.

2024ರ ಮಳೆಗಾಲ ಗೊತ್ತಲ್ಲ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತಿತು. ಘಟ್ಟದ ರಸ್ತೆಗಳ ಮೇಲೂ ಎಲ್ಲರಿಗೂ ಭಯ. ನಾನೂ ಆಗ ಮಕ್ಕಳನ್ನು ಬನ್ನಿ ಅನ್ನಲಿಲ್ಲ. ಆ ದಿನಗಳಲ್ಲಿ ಇಟ್ಟ ಟೆಸ್ಟ್‌ಗೆ 64ರಲ್ಲಿ 57 ಉತ್ತರ ಬಂದವು ಅಂತ ನೆನಪು. ದೇವಿಮನೆ ಘಟ್ಟದ ಕೆಳಗಿನ ಒಬ್ಬನದ್ದು ಆರು ದಿನ ಬಿಟ್ಟು ಬಂತು, ಆದರೆ ಬಂತು. ಆಫ್‌ಲೈನ್‌ನಲ್ಲಿ ಎಂದೋ ಬರೆದಿಟ್ಟಿದ್ದ.

ಉತ್ತರ ಕಳಿಸಿದವರ ಪಟ್ಟಿಯನ್ನು ಪ್ರಿಂಟ್ ಹಾಕಿ ಸ್ಟಾಫ್ ರೂಮಿನ ಮೇಜಿನ ಮೇಲೆ ಸುಮ್ನೆ ಬಿಟ್ಟು ಬಂದೆ. ಮರುವಾರ ಆ ಹಿರಿಯರೇ ಬಂದು, "ಎನ್ನ ಪೇಪರೂ ಒಂದು ಸೇರ್ಸು ಮಾರಾಯಾ" ಅಂದರು. ಸೇರಿಸಿದ್ದೇನೆ. ಪ್ರಶ್ನೆಗಳನ್ನು ಮಾತ್ರ ಇನ್ನೂ ಆ ಹಳೇ ಫಾಂಟ್‌ನಲ್ಲೇ ಕಳಿಸುತ್ತಾರೆ.