ಉಬ್ಬರದ ಹೊತ್ತು ನೋಡಿಕೊಂಡು ಮಿಯಾಜಿಮಾಗೆ ಹೋಗಿ

ಜಪಾನಿನ ಹಿರೋಶಿಮಾ, ಅದರ ಹತ್ತಿರದ ಮಿಯಾಜಿಮಾ ದ್ವೀಪ ಎರಡನ್ನೂ ಒಂದೇ ದಿನದಲ್ಲಿ ಮುಗಿಸೋಣ ಅಂತ ಹೊರಟಿದ್ದೆ. ಬೆಳಿಗ್ಗೆ ಹಿರೋಶಿಮಾದ ಅಣುಬಾಂಬ್ ಮ್ಯೂಸಿಯಂ, ಮಧ್ಯಾಹ್ನ ದ್ವೀಪ. ಆಗಲಿಲ್ಲ.

ಮ್ಯೂಸಿಯಂನಲ್ಲಿ ತುಕ್ಕು ಹಿಡಿದ ಪುಟ್ಟ ಸೈಕಲ್ ಇದೆ, ಮೂರು ಗಾಲಿಯದು. 1945ರ ಆಗಸ್ಟ್ 6ರ ಬೆಳಿಗ್ಗೆ ಬಾಂಬ್ ಬಿದ್ದಾಗ ನಾಲ್ಕು ತುಂಬದ ಹುಡುಗನೊಬ್ಬ ಮನೆ ಮುಂದೆ ಅದನ್ನು ಓಡಿಸುತ್ತಿದ್ದ. ರಾತ್ರಿ ತೀರಿಕೊಂಡ. ಅಪ್ಪ ಸೈಕಲ್ಲನ್ನೂ ಮಗನ ಜೊತೆ ಹಿತ್ತಲಲ್ಲೇ ಹೂತರು. ಹೊರಗೆ ತೆಗೆದಿದ್ದು 40 ವರ್ಷ ಆದಮೇಲೆ. ಅದನ್ನು ನೋಡಿದ ಮೇಲೆ ಫೆರಿ, ಫೋಟೊ ಯಾವುದೂ ಬೇಡ ಅನ್ನಿಸಿತು. ಬಾಂಬಿಗೆ ಪಾಳುಬಿದ್ದರೂ ಉಳಿದು ನಿಂತಿರುವ ಗುಮ್ಮಟದ ಕಟ್ಟಡದ ಎದುರು ನದಿ ದಂಡೆಯಲ್ಲಿ ಸುಮ್ನೆ ಕೂತೆ.

ರಾತ್ರಿ ಊಟಕ್ಕೆ ಒಕೊನೊಮಿಯಾಕಿ, ಎಲೆಕೋಸು ಹಾಕಿ ಕಾವಲಿಯ ಮೇಲೆ ಬೇಯಿಸುವ ದೋಸೆಯಂಥದ್ದು. ನಾನು ಸಸ್ಯಾಹಾರಿ. 'ನಿಕು ನಾಶಿ', ಅಂದರೆ ಮಾಂಸ ಬೇಡ ಅಂದೆ. ಹಂದಿಮಾಂಸ ಹಾಕಲಿಲ್ಲ, ಆದರೆ ಕೊನೆಯಲ್ಲಿ ಒಣಮೀನಿನ ಪುಡಿ ಉದುರಿಸಿಬಿಟ್ಟರು! ಮೀನೂ ಬೇಡ ಅಂತ ಬೇರೆಯಾಗಿ ಹೇಳಬೇಕು.

ಮರುದಿನ ರೈಲಿನಲ್ಲಿ ದ್ವೀಪಕ್ಕೆ ಫೆರಿ ಹೊರಡುವ ಮಿಯಾಜಿಮಾಗುಚಿಗೆ ಹೋದೆ, ಅರ್ಧ ಗಂಟೆಯೂ ಹಿಡಿಯಲಿಲ್ಲ. ಟ್ರಾಮ್ ಆದರೆ ಒಂದು ಗಂಟೆಗಿಂತ ಜಾಸ್ತಿ. ಅಲ್ಲಿಂದ ಫೆರಿ, ಹತ್ತು ನಿಮಿಷ. ಟಿಕೆಟ್ ಜೊತೆ 100 ಯೆನ್ ಪ್ರವಾಸಿ ತೆರಿಗೆ ಕೊಡಬೇಕು.

ಹೋಗುವ ಮುಂಚೆ ಉಬ್ಬರ-ಇಳಿತದ ಪಟ್ಟಿ ನೋಡಲೇಬೇಕು. ನೀರು 250 ಸೆಂ.ಮೀ. ದಾಟಿದರೆ ಸಮುದ್ರದಲ್ಲಿ ನಿಂತಿರುವ ಗುಡಿಯ ಕೆಂಪು ಹೆಬ್ಬಾಗಿಲು, ಅಂದರೆ ತೋರಿ, ತೇಲಿದ ಹಾಗೆ ಕಾಣುತ್ತದೆ. 100ಕ್ಕಿಂತ ಕೆಳಗಿಳಿದರೆ ಬುಡದವರೆಗೂ ನಡೆದುಹೋಗಬಹುದು. ನಡುವೆ ಸುಮಾರು ಆರು ಗಂಟೆ. ನನಗೆ ಬೆಳಿಗ್ಗೆ ಉಬ್ಬರ ಸಿಕ್ಕಿತು, ಸಂಜೆ ಇಳಿತ.

ಮಧ್ಯದ ಹೊತ್ತಿನಲ್ಲಿ ಮಿಸೆನ್ ಬೆಟ್ಟ, 535 ಮೀಟರ್. ರೋಪ್‌ವೇ ಇಳಿದ ಮೇಲೂ ತುದಿಗೆ ಅರ್ಧ ಗಂಟೆ ಹತ್ತಬೇಕು. ತುದಿಯ ಹತ್ತಿರ ಹೊಗೆ ತುಂಬಿದ ಸಣ್ಣ ಗುಡಿ. ಒಳಗೆ ಬೆಂಕಿ, ಮೇಲೆ ದೊಡ್ಡ ಕಬ್ಬಿಣದ ಕೆಟಲ್. ಬೌದ್ಧ ಗುರು ಕೋಬೋ ದೈಶಿ ಹಚ್ಚಿದ ಬೆಂಕಿ, 1200 ವರ್ಷದಿಂದ ಆರಿಲ್ಲ ಅಂತ ನಂಬಿಕೆ. ಹಿರೋಶಿಮಾ ಪಾರ್ಕಿನ ಶಾಂತಿಜ್ಯೋತಿಗೂ ಇಲ್ಲಿಂದಲೇ ಬೆಂಕಿ ಒಯ್ದರಂತೆ. ಹಿಂದಿನ ದಿನ ಆ ಜ್ಯೋತಿಯ ಮುಂದೆ ಅಷ್ಟು ಹೊತ್ತು ನಿಂತಿದ್ದೆ, ಇದು ಗೊತ್ತೇ ಇರಲಿಲ್ಲ.

ಕೆಳಗೆ ಬಂದರೆ ಜಿಂಕೆಯೊಂದು ನನ್ನ ಮ್ಯಾಪ್ ಎಳೆದು ಅರ್ಧ ತಿಂದುಬಿಟ್ಟಿತು. ಕಾಗದ ಕೈಯಲ್ಲಿ ಹಿಡ್ಕೊಳ್ಳಬೇಡಿ.

ಸಂಜೆ ಒದ್ದೆ ಮರಳಲ್ಲಿ ನಡೆದು ತೋರಿ ಹತ್ತಿರ ಹೋದೆ. 1875ರದ್ದು, 16 ಮೀಟರಿಗೂ ಎತ್ತರ. ಕರ್ಪೂರ ಮರದ ಕಂಬಗಳು, ಬುಡದಲ್ಲಿ ಚಿಪ್ಪು ಕಚ್ಚಿಕೊಂಡಿವೆ. ಕಂಬಗಳನ್ನು ನೆಲದಲ್ಲಿ ಹೂತೇ ಇಲ್ಲ! ಮೇಲಿನ ತೊಲೆ ಪೆಟ್ಟಿಗೆಯ ಹಾಗೆ ಟೊಳ್ಳು, ಒಳಗೆ ಕಲ್ಲು ತುಂಬಿದ್ದಾರೆ. ಆ ಭಾರಕ್ಕೇ ಅಲುಗದೆ ನಿಂತಿದೆ. ಒಂದು ಕಂಬಕ್ಕೆ ಕೈಯಿಟ್ಟು ನಿಂತಿದ್ದೆ, ನೀರು ಮತ್ತೆ ಪಾದಕ್ಕೆ ಬಂತು. ಶೂ ಕೈಯಲ್ಲಿ ಹಿಡಿದು ಓಡಿದೆ.