ಎಚ್-1ಬಿ ಲಾಟರಿ: ನಿಮ್ಮ ಹೆಸರಿನಲ್ಲಿ ಎಷ್ಟು ಚೀಟಿ ಬೀಳುತ್ತವೆ, ಲೆಕ್ಕ ಹಾಕಿ ನೋಡಿ

ಎಚ್-1ಬಿ ಅಂದರೆ ಪರಿಣತ ಕೆಲಸಕ್ಕೆ ಅಮೆರಿಕಕ್ಕೆ ಹೋಗುವವರಿಗೆ ಸಿಗುವ ವೀಸಾ. ಅರ್ಜಿ ಹಾಕಬಲ್ಲವರನ್ನು ಲಾಟರಿಯಲ್ಲಿ ಆರಿಸುತ್ತಾರೆ. ಹಿಂದೆ ಈ ಲಾಟರಿಯಲ್ಲಿ ಸಂಬಳ ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಚೀಟಿ. 2025ರ ಸೆಪ್ಟೆಂಬರ್ 24ರಂದು ಅಮೆರಿಕದ ಆಂತರಿಕ ಭದ್ರತಾ ಇಲಾಖೆ ಬೇರೆ ಲೆಕ್ಕ ಮುಂದಿಟ್ಟಿತು: ವೇತನ ಲೆವೆಲ್ 4 ಆದರೆ ನಾಲ್ಕು ಚೀಟಿ, 3 ಆದರೆ ಮೂರು, 2 ಆದರೆ ಎರಡು, 1 ಆದರೆ ಒಂದು. ಡಿಸೆಂಬರ್‌ನಲ್ಲಿ ಅದೇ ಅಂತಿಮ ನಿಯಮವಾಯಿತು. ಜಾರಿ 2026ರ ಫೆಬ್ರವರಿ 27ರಿಂದ. 65,000 ಸಾಮಾನ್ಯ ವೀಸಾ, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ 20,000 ಎಂಬ ಮಿತಿ ಹಾಗೇ ಇದೆ.

ಇಲಾಖೆಯೇ ಪ್ರಸ್ತಾವದಲ್ಲಿ ಕೊಟ್ಟ ಅಂದಾಜು ನೋಡಿ. ಹಳೆಯ ಪದ್ಧತಿಯಲ್ಲಿ ಆಯ್ಕೆಯಾಗುವ ಸಾಧ್ಯತೆ ಎಲ್ಲರಿಗೂ ಶೇ 29.59. ಹೊಸದರಲ್ಲಿ ಲೆವೆಲ್ 1ಕ್ಕೆ ಶೇ 15.29, 2ಕ್ಕೆ 30.58, 3ಕ್ಕೆ 45.87, 4ಕ್ಕೆ 61.16. ಏಟು ಬಿದ್ದಿರುವುದು ಈಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರುವವರಿಗೆ.

ಲೆವೆಲ್ ಅಂದರೆ ಹುದ್ದೆಯ ಗತ್ತಲ್ಲ. ಅದೇ ಊರಿನಲ್ಲಿ, ಅದೇ ಕೆಲಸಕ್ಕೆ ಉಳಿದವರು ಪಡೆಯುವ ಸಂಬಳದ ಎದುರು ನಿಮ್ಮದು ಎಲ್ಲಿ ನಿಲ್ಲುತ್ತದೆ ಅನ್ನುವುದು. ಹಾಗಾಗಿ ಸಣ್ಣ ಊರಿನ ಲೆವೆಲ್ 4 ನೌಕರನ ಸಂಬಳ ಕ್ಯಾಲಿಫೋರ್ನಿಯಾದ ದುಬಾರಿ ಊರು ಸ್ಯಾನ್ ಹೋಸೆಯ ಲೆವೆಲ್ 1 ಎಂಜಿನಿಯರಿಗಿಂತ ಕಡಿಮೆ ಇದ್ದರೂ ಚೀಟಿ ನಾಲ್ಕು ಪಟ್ಟು. ವಿಚಿತ್ರ ಅನ್ನಿಸಬಹುದು, ಆದರೆ ನಿಯಮ ಇರುವುದೇ ಹೀಗೆ.

ಮೊದಲು ಕಂಪನಿಯ ಎಚ್‌ಆರ್‌ನಿಂದ ಮೂರು ವಿವರ ಇಮೇಲ್‌ನಲ್ಲಿ ತರಿಸಿಕೊಳ್ಳಿ: ಎಸ್‌ಒಸಿ ಕೋಡ್ ಅಂದರೆ ಅಮೆರಿಕ ಸರ್ಕಾರ ಪ್ರತಿ ಕೆಲಸಕ್ಕೆ ಕೊಟ್ಟಿರುವ ಸಂಖ್ಯೆ (ಸಾಫ್ಟ್‌ವೇರ್ ಡೆವಲಪರ್ ಆದರೆ 15-1252), ಕೆಲಸ ಮಾಡುವ ಜಾಗದ ಕೌಂಟಿ (ನಮ್ಮ ಜಿಲ್ಲೆಯಂಥದು), ಖಾತ್ರಿಯಾಗಿ ಕೊಡುವ ಮೂಲ ವೇತನ. ಆಮೇಲೆ ಕಾರ್ಮಿಕ ಇಲಾಖೆಯ ಫ್ಲ್ಯಾಗ್ ಜಾಲತಾಣದ ವೇತನ ಹುಡುಕಾಟದ ಪುಟಕ್ಕೆ ಹೋಗಿ. ಅವಧಿ (ಜುಲೈಯಿಂದ ಮರುವರ್ಷದ ಜೂನ್‌ವರೆಗೆ), ರಾಜ್ಯ, ಪ್ರದೇಶ, ಕೋಡ್ ಆರಿಸಿದರೆ ನಾಲ್ಕು ಲೆವೆಲ್‌ಗಳ ಮೊತ್ತ ಗಂಟೆಗೂ ವರ್ಷಕ್ಕೂ ಬರುತ್ತದೆ. ನಿಮ್ಮ ವೇತನ ಮುಟ್ಟಿದ ಅಥವಾ ದಾಟಿದ ಅತಿ ದೊಡ್ಡ ಗೆರೆಯೇ ನಿಮ್ಮ ಲೆವೆಲ್. ಗಂಟೆ ಲೆಕ್ಕದ ಪೂರ್ಣಾವಧಿ ಸಂಬಳವನ್ನು 2,080ರಿಂದ ಗುಣಿಸಿ ವಾರ್ಷಿಕ ಮೊತ್ತ ಮಾಡಿಕೊಳ್ಳಿ.

ಉದಾಹರಣೆಗೆ, ಲೆವೆಲ್ 2 ಗೆರೆ 1,10,000 ಡಾಲರ್, ಲೆವೆಲ್ 3 ಗೆರೆ 1,30,000 ಅಂದುಕೊಳ್ಳಿ. 1,28,000ದ ಆಫರ್ ಲೆವೆಲ್ 2, ಎರಡೇ ಚೀಟಿ. 2,000 ಡಾಲರ್ ಏರಿದರೆ ಮೂರು. ಸಂಬಳದ ಚೌಕಾಸಿ ಮಾಡುವುದಿದ್ದರೆ ಮಾರ್ಚ್‌ನಲ್ಲಿ ಲಾಟರಿಗೆ ಹೆಸರು ಕೊಡುವ ನೋಂದಣಿಗೆ ಮುಂಚೆಯೇ ಮಾಡಿ, ಆಮೇಲೆ ಏರಿದರೆ ಲಾಟರಿಗೆ ಉಪಯೋಗವಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಜಾಗದ ವಿಷಯದಲ್ಲಿ. ಲೆಕ್ಕಕ್ಕೆ ಬರುವುದು ಕಂಪನಿಯ ಮುಖ್ಯ ಕಚೇರಿಯ ಊರಲ್ಲ, ನೀವು ಕೂತು ಕೆಲಸ ಮಾಡುವ ಊರು. ಕ್ಲೈಂಟ್ ಜಾಗ ಎರಡಿದ್ದರೆ ಎರಡರಲ್ಲಿ ಕಡಿಮೆ ಬರುವ ಲೆವೆಲ್ಲೇ ಗತಿ. ಇಬ್ಬರು ಉದ್ಯೋಗದಾತರು ನಿಮ್ಮ ಹೆಸರು ನೋಂದಾಯಿಸಿದರೂ ಹಾಗೇ, ಕಡಿಮೆ ಲೆವೆಲ್ ಹಿಡಿಯುತ್ತಾರೆ. ಆಫರ್ ಲೆಟರ್‌ನಲ್ಲಿ ‘ಇಷ್ಟರಿಂದ ಇಷ್ಟು’ ಅಂತ ಬರೆದಿದ್ದರೆ ಕೆಳಗಿನ ಅಂಕಿಯೇ ಲೆಕ್ಕ. ಖಾತ್ರಿಯಿಲ್ಲದ ಬೋನಸ್ಸನ್ನು ನೆಚ್ಚಿಕೊಳ್ಳಬೇಡಿ.

ನೋಂದಣಿಯಲ್ಲಿ ಒಂದು ಲೆವೆಲ್ ತೋರಿಸಿ, ಆಯ್ಕೆಯಾದ ಮೇಲೆ ಸಲ್ಲಿಸುವ ಅರ್ಜಿಯಲ್ಲಿ ಕೋಡ್, ಊರು, ವೇತನ ಬದಲಿಸಿದರೆ ತಿರಸ್ಕಾರದ ಅಪಾಯ ಇದೆ. ಲಾಟರಿ ಮುಗಿದ ಮೇಲೆ ಸಂಬಳ ಇಳಿಸುವ ತಂತ್ರಕ್ಕೂ ಅದೇ ಉತ್ತರ. ನೋಂದಣಿಗೆ ಕೊಟ್ಟ ಪಾಸ್‌ಪೋರ್ಟ್ ಸಂಖ್ಯೆಯೇ ಅರ್ಜಿಯಲ್ಲೂ ಇರಬೇಕು. ಪಾಸ್‌ಪೋರ್ಟ್ ಅವಧಿ ಮುಗಿಯುತ್ತ ಬಂದಿದ್ದರೆ ಫೆಬ್ರವರಿಯೊಳಗೆ ನವೀಕರಿಸಿ.

ನೋಂದಣಿ ಶುಲ್ಕ 215 ಡಾಲರ್. ನೋಂದಾಯಿಸುವುದೂ ಕಟ್ಟುವುದೂ ಉದ್ಯೋಗದಾತರ ಕೆಲಸ. ಬೆಂಗಳೂರಲ್ಲಿ ಕೂತು ಕಾಯುತ್ತಿರುವವರು ಇನ್ನೊಂದು ಮಾತು ಕೇಳಲೇಬೇಕು. 2025ರ ಸೆಪ್ಟೆಂಬರ್ 19ರ ಅಧ್ಯಕ್ಷರ ಆದೇಶ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಹೇರಿತು. ಅಲ್ಲೇ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದು, ದೇಶ ಬಿಡದೆ ಎಚ್-1ಬಿಗೆ ಸ್ಥಿತಿ ಬದಲಾವಣೆ ಕೇಳಿ, ಅದು ಮಂಜೂರಾದವರಿಗೆ ಅನ್ವಯಿಸುವುದಿಲ್ಲ ಎಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಆ ಹಣ ಕಟ್ಟಲು ಕಂಪನಿ ತಯಾರಿದೆಯೇ ಎಂದು ಲೆವೆಲ್ ಕೇಳುವ ಇಮೇಲ್‌ನಲ್ಲೇ ಕೇಳಿಬಿಡಿ.