ಹಳೆ ಇಂಪಲ್ಸ್, ಲೇತ್ ಬುಷ್ ಮತ್ತು ಟ್ರೇಲ್ ರೈಡ್ ತಪಾಸಣೆ

ಟ್ರೇಲ್ ರೈಡ್ ಅಂದರೆ ಗುಂಪಾಗಿ ಕಚ್ಚಾ ದಾರಿಯಲ್ಲಿ ಬೈಕ್ ಓಡಿಸೋದು. ಅದಕ್ಕೆ ಮೊದಲು ನಡೆಯುವ ಗಾಡಿ ತಪಾಸಣೆಯಲ್ಲಿ ಇಂಜಿನ್ ಬಗ್ಗೆ ಯಾರೂ ಕೇಳೋದಿಲ್ಲ. ಎಷ್ಟು ಸಿಸಿ, ಯಾವ ಜೆಟ್, ಪಿಸ್ಟನ್ ಹೊಸದಾ ಹಳೆಯದಾ, ಅದೆಲ್ಲ ಅವರಿಗೆ ಬೇಡ. ಬಂದವರೇ ಹಿಂದಿನ ಗಾಲಿ ಹಿಡಿದು ಅಡ್ಡಡ್ಡ ಅಲುಗಾಡಿಸುತ್ತಾರೆ. ಮುಂದಿನ ಫೋರ್ಕ್ ಹಿಡಿದು ಎಳೆಯುತ್ತಾರೆ. ಆಕ್ಸಿಲರೇಟರ್ ತಿರುಗಿಸಿ ಕೈ ಬಿಡುತ್ತಾರೆ. ಎಲ್ಲಿ ಲೂಸ್ ಇದೆಯೋ ಅಲ್ಲಿ ಮುಗಿಯಿತು. ಕಲಬುರಗಿಯ ನಮ್ಮ ಹುಡುಗರಿಗೆ ಇದು ಗೊತ್ತು. ಆದರೂ ದುಡ್ಡೆಲ್ಲ ಇಂಜಿನ್‌ಗೇ ಸುರಿಯುತ್ತಾರೆ. ನಾನು ಈ ಸಲ ಇಂಜಿನ್‌ಗೆ ಆಯಿಲ್ ಬಿಟ್ಟು ಏನೂ ಹಾಕಲಿಲ್ಲ.

ನನ್ನದು 2012ರ ಹೀರೋ ಇಂಪಲ್ಸ್ ಬೈಕ್, ಕೆಎ-32 ನಂಬರ್. 150 ಸಿಸಿ, ಮುಂದೆ 19 ಇಂಚಿನ ಗಾಲಿ, ಹಿಂದೆ ಡ್ರಮ್ ಬ್ರೇಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ₹38,000ಕ್ಕೋ ಏನೋ ತಗೊಂಡಿದ್ದು. ಹೀರೋದ ಹೊಸ ಗಾಡಿ ಎಕ್ಸ್‌ಪಲ್ಸ್ ಇಟ್ಟುಕೊಂಡ ಗೆಳೆಯರು 21 ಇಂಚಿನ ಗಾಲಿ ತೋರಿಸಿ ನಗುತ್ತಿದ್ದರು. ಹಿಂದಿನ ಸಲ ಬೀದರ್ ಕಡೆಯ ರೈಡ್‌ನಲ್ಲಿ ಇದೇ ಗಾಡಿಗೆ ತಪಾಸಣೆ ಪಾಸಾದ ಸ್ಟಿಕರ್ ಸಿಗಲಿಲ್ಲ. ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡಿದಿರುವ ತೋಳು) ಲೂಸ್ ಅಂತ ಬರೆದು ಪಕ್ಕಕ್ಕೆ ನಿಲ್ಲಿಸಿದರು. ಪ್ರವೇಶ ಶುಲ್ಕ ₹2,500 ಹೋಯಿತು. ಗಾಡಿ ಹೊತ್ತು ತಂದ ಛೋಟಾ ಹಾಥಿ ಬಾಡಿಗೆ ಬೇರೆ.

ಈ ಗಾಡಿಯ ಸ್ವಿಂಗ್ ಆರ್ಮ್ ಬುಷ್ (ಆರ್ಮ್ ತಿರುಗುವ ತೂತಿನೊಳಗಿನ ಬಳೆ) ನಮ್ಮ ಕಡೆ ಅಂಗಡಿಗಳಲ್ಲಿ ಸಿಗಲಿಲ್ಲ. ಹೈದರಾಬಾದ್‌ನ ಒಂದು ಗ್ಯಾರೇಜ್‌ನವರು ಬೇರೆ ಗಾಡಿಯ ಇಡೀ ಆರ್ಮ್ ಕೂರಿಸಿ ಕೊಡುತ್ತೇವೆ, ₹28,000 ಆಗುತ್ತೆ ಅಂದರು. ಗಾಡಿ ಬೆಲೆಯ ಮುಕ್ಕಾಲು ಪಾಲು! ಲೇತ್‌ನಲ್ಲಿ ಮಾಡಿಸುತ್ತೇನೆ ಅಂದಾಗ ನಮ್ಮ ಓಣಿಯ ಮೆಕ್ಯಾನಿಕ್ ಉಸ್ತಾದ್ ಜೋರಾಗಿ ನಕ್ಕರು. "ಸರ್ರ, ಇದು ಗುಜರಿ ಮಾಲ್ ಅದ. ಲೇತಿನ್ಯಾಗ ಮಾಡಿದ ಬುಷ್ ಒಂದ್ ರೈಡ್ ತಾಳಂಗಿಲ್ಲ. ಇಲ್ಲಾ ಜಾಮ್ ಆಗ್ತದ, ಇಲ್ಲಾ ಮತ್ತ ಢೀಲಾ ಆಗ್ತದ."

ಮೊದಮೊದಲು ಅವರು ಹೇಳಿದಂತೆಯೇ ಆಯಿತು. ನೈಲಾನ್ ರಾಡ್ ಕಡಿಸಿ ಬುಷ್ ಮಾಡಿಸಿದೆ, ₹300. ಕೂರಿಸಿದ ದಿನ ಬೆಣ್ಣೆ. ಆದರೆ ನೈಲಾನ್ ನೀರು ಕುಡಿದು ಉಬ್ಬುತ್ತದೆ. ಹಳ್ಳ ದಾಟಿಸಿ, ಎರಡು ಸಲ ತೊಳೆದ ಮೇಲೆ ಆರ್ಮ್ ಬಿಗಿಯಾಯಿತು. ಶಾಕ್ ಅಬ್ಸಾರ್ಬರ್ ಬಿಚ್ಚಿ ಆರ್ಮ್ ಎತ್ತಿ ಬಿಟ್ಟರೆ ಕೆಳಗೆ ಬೀಳಲೇ ಇಲ್ಲ, ಅಲ್ಲೇ ನಿಂತಿತು. ಉಜ್ಜಿ ಸಡಿಲ ಮಾಡಿಸಿದರೆ ಒಣಗಿದ ಮೇಲೆ ಮತ್ತೆ ಲೂಸ್. ಆಮೇಲೆ ಗನ್‌ಮೆಟಲ್‌ಗೆ (ತಾಮ್ರ, ತವರ ಸೇರಿದ ಮಿಶ್ರಲೋಹ) ಬಂದೆ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್‌ನಲ್ಲಿ ಅಳತೆ ಕೊಟ್ಟು ಕಡಿಸಿದೆ. ಕೈಯಲ್ಲಿ ಹಿಡಿದಾಗ ಸ್ಲೀವ್ (ಬುಷ್ ಒಳಗೆ ಕೂರುವ ಕೊಳವೆ) ಚೆನ್ನಾಗಿಯೇ ಕೂರುತ್ತಿತ್ತು. ಪ್ರೆಸ್‌ನಲ್ಲಿ ಆರ್ಮ್‌ಗೆ ಒತ್ತಿದ ಮೇಲೆ ಒಳಗೇ ಹೋಗಲಿಲ್ಲ. ಬಿಗಿಯಾಗಿ ಒತ್ತಿದ ಬುಷ್‌ನ ಒಳ ಅಳತೆ ಕುಗ್ಗುತ್ತದೆ. ಲೇತ್‌ನವರು ಪಾಲಿಶ್ ಪೇಪರ್ ಸುತ್ತಿ ಉಜ್ಜಿಕೊಟ್ಟರು. ಒಂದು ತುದಿ ಬಿಗಿ, ಇನ್ನೊಂದು ತುದಿ ಸಡಿಲ. ಮತ್ತೆ ₹800 ನೀರಲ್ಲಿ.

ಕೊನೆಗೆ ಕೆಲಸ ಮಾಡಿದ್ದು ಇದು. ಬುಷ್‌ನ ಒಳ ಅಳತೆಯನ್ನು ಬೇಕೆಂದೇ ಸ್ವಲ್ಪ ಕಡಿಮೆ ಇಡಿಸಿದೆ. ಎರಡೂ ಬುಷ್ ಮೊದಲು ಆರ್ಮ್‌ಗೆ ಒತ್ತಿಸಿದೆ. ಆಮೇಲೆ ಉದ್ದನೆಯ ರೀಮರ್ (ತೂತು ಹಿಗ್ಗಿಸುವ ಉಪಕರಣ) ಹಾಕಿ ಎರಡನ್ನೂ ಒಂದೇ ಸಾಲಿನಲ್ಲಿ ಒಟ್ಟಿಗೆ ಹಿಗ್ಗಿಸಿದೆವು. ಹೀಗೆ ಮಾಡಿದರೆ ಆರ್ಮ್ ಸ್ವಲ್ಪ ಸೊಟ್ಟಗಿದ್ದರೂ ಎರಡು ತೂತು ನೇರ ಬರುತ್ತವೆ. ಸ್ಲೀವ್‌ಗೂ ಬುಷ್‌ಗೂ ನಡುವೆ 0.05 ಮಿಮೀ ಆಸುಪಾಸು ಬಿಟ್ಟೆ.

ಇನ್ನು ಒಳಗಿನ ಸ್ಲೀವ್. ಹಳೆಯದು ಒಂದು ಕಡೆ ಸುಮಾರು 0.2 ಮಿಮೀ ಸವೆದಿತ್ತು. ಹೊಸ ಬುಷ್‌ಗೆ ಸವೆದ ಸ್ಲೀವ್ ಹಾಕಿದರೆ ಏನು ಬಂತು? ಟ್ರ್ಯಾಕ್ಟರ್ ಪವರ್ ಸ್ಟೀರಿಂಗ್ ಸಿಲಿಂಡರ್‌ನ ಬಾಗಿದ ರಾಡ್ ಗುಜರಿಯಲ್ಲಿ ಸಿಕ್ಕಿತು, ಕಿಲೋ ಲೆಕ್ಕದಲ್ಲಿ. ಅದರ ಮೇಲೆ ಹಾರ್ಡ್ ಕ್ರೋಮ್ ಇರುತ್ತದೆ. ಬಾಗದ ಭಾಗ ಕತ್ತರಿಸಿ, ನಡುವೆ ತೂತು ಕೊರೆಸಿದೆ. ಹೊರಗೆ ಲೇತ್ ಟೂಲ್ ಮುಟ್ಟಿಸಲಿಲ್ಲ, ಬುಷ್ ಅನ್ನೇ ಅದರ ಅಳತೆಗೆ ಮಾಡಿಸಿದೆ. ಸ್ಲೀವ್ ಉದ್ದ ಬುಷ್‌ಗಿಂತ ಚೂರು ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಆರ್ಮ್ ಹಿಡಿದುಕೊಳ್ಳುತ್ತದೆ. ಗ್ರೀಸ್ ಗ್ರೂವ್ ನೇರ ಗೆರೆ ಅಲ್ಲ, ಬೇರೆ ಥರ ಹಾಕಿಸಿದ್ದೇನೆ. ಅದು ಹೇಗೆ ಅಂತ ಇಲ್ಲಿ ಬರೆಯೋದಿಲ್ಲ. ಕೆಲಸ ಮಾಡುತ್ತಿರೋದೇ ಅದು.

ಸ್ಟೀರಿಂಗ್ ಬೇರಿಂಗ್‌ಗೆ ಇಷ್ಟು ತಲೆನೋವು ಇರಲಿಲ್ಲ. ಗುಂಡು ಬೇರಿಂಗ್ ತೆಗೆದು ಟೇಪರ್ ರೋಲರ್ ಹಾಕಿದೆ, ₹1,100. ಆದರೆ ನಮ್ಮ ಎರೆಮಣ್ಣಿನ ಬಗ್ಗೆ ಒಂದು ಮಾತು. ಒದ್ದೆ ಇದ್ದಾಗ ಸಂದಿ ಸಂದಿಗೆ ಹೋಗಿ ಕೂರುತ್ತದೆ, ಒಣಗಿದರೆ ಸಿಮೆಂಟ್. ಅದನ್ನು ತೆಗೆಯಲು ಸರ್ವಿಸ್ ಸ್ಟೇಷನ್‌ನಲ್ಲಿ ಪ್ರೆಶರ್ ನೀರು ಹೊಡೆಸುತ್ತಾರೆ. ಮಣ್ಣಿನ ಜೊತೆ ಗ್ರೀಸೂ ಹೋಗುತ್ತದೆ. ನಾನು ಈಗ ರಾತ್ರಿ ಒದ್ದೆ ಗೋಣಿಚೀಲ ಹೊದಿಸಿ ಇಟ್ಟು, ಬೆಳಿಗ್ಗೆ ಬಕೆಟ್ ನೀರು, ಬ್ರಶ್‌ನಲ್ಲಿ ತೊಳೆಯುತ್ತೇನೆ. ಫೋರ್ಕ್ ಪೈಪಿನ ಮೇಲೆ ಒಣಗಿದ ಮಣ್ಣೇ ಸೀಲ್ ಕೊಯ್ಯೋದು. ಎಡಗಡೆ ಆಯಿಲ್ ಸೋರುತ್ತಿತ್ತು. ಹಳೆ ಎಕ್ಸ್‌ರೇ ಫಿಲ್ಮ್ ಪಟ್ಟಿ ಕತ್ತರಿಸಿ ಸೀಲ್ ಒಳಗೆ ಆಡಿಸಿ ಮಣ್ಣು ತೆಗೆದರೆ ಕೆಲವು ಸಲ ನಿಲ್ಲುತ್ತದೆ. ನನ್ನದು ನಿಲ್ಲಲಿಲ್ಲ. ಎರಡೂ ಕಡೆ ಸೀಲ್, ಆಯಿಲ್ ಸೇರಿ ₹1,200.

ಶಬ್ದದ ಕತೆ ಬೇರೆ. ಹಿಂದಿನ ಮಾಲೀಕರು ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದ್ದರು. ರೈಡ್‌ನವರ ಮಿತಿ 96 ಡೆಸಿಬಲ್. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿಯುತ್ತಾರೆ. ನಾನು ಮೊಬೈಲ್ ಆ್ಯಪ್ ಹಾಕಿ, ಅರ್ಧ ಮೀಟರಿನ ದಾರ ಕಟ್ಟಿ ನೋಡಿದೆ. 103, 104 ತೋರಿಸಿತು. ಮೊಬೈಲ್ ಲೆಕ್ಕ ನಿಖರ ಅಲ್ಲ. ಆದರೆ ಅದೇ ಮೊಬೈಲ್, ಅದೇ ಜಾಗ ಆದರೆ ಎಷ್ಟು ಇಳಿಯಿತು ಅನ್ನೋದು ಗೊತ್ತಾಗುತ್ತದೆ. ಅಷ್ಟು ಸಾಕಲ್ವಾ?

ಸೈಲೆನ್ಸರ್ ಬಿಚ್ಚಿ ನೋಡಿದರೆ ಒಳಗೆ ಶಬ್ದ ಹೀರುವ ಉಣ್ಣೆಯೇ ಇಲ್ಲ, ಖಾಲಿ ಡಬ್ಬಿ. ಎಸಿ ಡಕ್ಟ್‌ಗೆ ಸುತ್ತುವ ಗ್ಲಾಸ್ ವೂಲ್ ತುಂಬಿದೆ. ಮೊದಲ ದಿನ ಗಾಡಿ ಮೆತ್ತಗಾಯಿತು. ಒಂದು ವಾರಕ್ಕೆ ಅದರ ಅಂಟು ಸುಟ್ಟು, ಪುಡಿಯಾಗಿ, ಹಿಂದೆ ಬರುವವರ ಮುಖಕ್ಕೆ ಹಾರುತ್ತಿತ್ತು. ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಇನ್ಸುಲೇಷನ್ ಗುತ್ತಿಗೆ ಮಾಡುವ ನಮ್ಮ ಮಾವನ ಹತ್ತಿರ ಸೆರಾಮಿಕ್ ಬ್ಲಾಂಕೆಟ್ ತುಂಡು ಉಳಿದಿತ್ತು. ಸಾವಿರ ಡಿಗ್ರಿ ದಾಟಿದರೂ ಅದಕ್ಕೇನೂ ಆಗೋದಿಲ್ಲ. ಆದರೆ ಒತ್ತಡದ ಹೊಡೆತಕ್ಕೆ ಅದೂ ಒಳಗಿನ ಜಾಲರಿ ಪೈಪಿನ ತೂತುಗಳಿಂದ ಹಾರಿ ಹೋಯಿತು. ಬಿಸಿ ತಾಳೋದು ಬೇರೆ, ಹೊಡೆತ ತಾಳೋದು ಬೇರೆ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬಿಡಿಸಿ ಜಾಲರಿ ಪೈಪಿಗೆ ಬಿಗಿಯಾಗಿ ಸುತ್ತಿದೆ, ಅದರ ಮೇಲೆ ಸೆರಾಮಿಕ್. ಆಗ ನಿಂತಿತು. ಸ್ಕ್ರಬ್ಬರ್ ಸ್ಟೇನ್‌ಲೆಸ್ ಇರಬೇಕು, ತುಕ್ಕು ಹಿಡಿಯುವ ಮಾಲು ಬೇಡ. ಎಷ್ಟು ಸುತ್ತು ಅನ್ನೋದು ನಿಮ್ಮ ಸೈಲೆನ್ಸರ್ ನೋಡಿ ನೀವೇ ಕಂಡುಕೊಳ್ಳಿ. ಜಾಸ್ತಿ ತುರುಕಿದರೆ ಗಾಡಿ ಉಸಿರು ಕಟ್ಟುತ್ತದೆ. ಈ ಕೆಲಸ ಮಾಡುವಾಗ ಒಳ್ಳೆ ಮಾಸ್ಕ್ ಹಾಕಿ, ಬಯಲಲ್ಲಿ ಮಾಡಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸ್ಪೋಕ್ ವಿಚಾರದಲ್ಲಿ ನನ್ನಷ್ಟು ತಾಳ್ಮೆ ನಮ್ಮ ಗುಂಪಿನಲ್ಲಿ ಯಾರಿಗೂ ಇಲ್ಲ, ಇದು ಜಂಬ ಅಂದುಕೊಂಡರೂ ಸರಿ. ನಿಪ್ಪಲ್‌ಗಳಿಗೆ (ಸ್ಪೋಕ್ ತುದಿಯ ನಟ್) ಹಿಂದಿನ ರಾತ್ರಿಯೇ ಡೀಸೆಲ್ ಹಾಕಿ ಬಿಡುತ್ತೇನೆ. ಆರ್ಮ್‌ಗೆ ಒಂದು ಕೇಬಲ್ ಟೈ ಕಟ್ಟಿ, ತುದಿ ರಿಮ್‌ಗೆ ತಾಗುವಷ್ಟು ಕತ್ತರಿಸಿದರೆ ಅದೇ ಗೇಜ್. ಪಾನಾದಿಂದ ಪ್ರತಿ ಸ್ಪೋಕ್ ತಟ್ಟುತ್ತಾ ಹೋದರೆ ಬಿಗಿ ಇದ್ದದ್ದು ಟಿಂಗ್ ಅನ್ನುತ್ತದೆ, ಸತ್ತದ್ದು ಟಕ್ ಅನ್ನುತ್ತದೆ. ವಾಲ್ವ್ ಹತ್ತಿರ ಶುರು ಮಾಡಿ, ಎರಡು ಬಿಟ್ಟು ಮೂರನೆಯದಕ್ಕೆ ಕಾಲು ತಿರುವು. ಒಂದೇ ಸಲ ಅರ್ಧ ತಿರುವು ಕೊಟ್ಟವರ ರಿಮ್ ಎಂಟರ ಆಕಾರ ಆಗಿದ್ದು ನೋಡಿದ್ದೇನೆ. ರಿಮ್ ಓಲಾಟ 2 ಮಿಮೀ ಒಳಗೆ ಬಂದರೆ ನಿಲ್ಲಿಸಿ. ಸೊನ್ನೆಗೆ ತರಲು ಹೋದರೆ ಹಬ್ಬ ಮುಗಿದರೂ ಕೆಲಸ ಮುಗಿಯೋದಿಲ್ಲ.

ತಯಾರಿ ಆದ ಮೇಲೆ ತೊಗರಿ ಹೊಲಗಳಲ್ಲಿ ಓಡಿಸಿ ನೋಡಿದೆ. ಜನವರಿ ಕೊನೆ, ರಾಶಿ ಮುಗಿದಿತ್ತು. ಕೊಯ್ದ ತೊಗರಿ ಕೂಳೆ ಎಷ್ಟು ಚೂಪು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸಾದಾ ಟ್ಯೂಬ್ ಎರಡು ಹೋದವು. ದಪ್ಪ ಟ್ಯೂಬ್ ಹಾಕಿದೆ, ಜೋಡಿಗೆ ₹1,400. ಓಡಿಸಿ ಬಂದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬಿಗಿದೆ. ಹೊಸದಾಗಿ ಬಿಗಿದ ಸ್ಪೋಕ್ ಮೊದಲ 40–50 ಕಿಲೋಮೀಟರ್‌ನಲ್ಲಿ ಸಡಿಲ ಆಗೇ ಆಗುತ್ತದೆ. ರೈಡ್ ಹಿಂದಿನ ರಾತ್ರಿ ಕೆಲಸ ಮುಗಿಸುವವರು ಸಿಕ್ಕಿಬೀಳೋದು ಇಲ್ಲೇ.

ಇದರ ನಡುವೆ ಒಂದು ಅಡ್ಡ ಪ್ರಯೋಗವೂ ನಡೆಯಿತು. ಮಡ್‌ಗಾರ್ಡ್ ಕೆಳಗೆ ಮಣ್ಣು ಅಂಟದಂತೆ ಮಾಡೋದು ಹೇಗೆ? ಶೇಂಗಾ ಎಣ್ಣೆ ಹಚ್ಚಿದೆ, ಧೂಳು ಇನ್ನೂ ಜಾಸ್ತಿ ಹಿಡಿಯಿತು. ಡೀಸೆಲ್ ಒಂದು ಗಂಟೆ ಬಾಳಿತು. ಸಿಲಿಕಾನ್ ಸ್ಪ್ರೇ ಪರವಾಗಿಲ್ಲ, ಆದರೆ ಬ್ರೇಕ್ ಡಿಸ್ಕ್ ಹತ್ತಿರ ತರಲೇಬೇಡಿ. ಕೊನೆಗೆ ಉಳಿದ ಟ್ಯೂಬ್ ರಬ್ಬರ್ ತುಂಡನ್ನು ಒಂದೇ ತುದಿಗೆ ಬೋಲ್ಟ್ ಹಾಕಿ ಇಳಿಬಿಟ್ಟೆ. ಗಾಡಿ ಕುಲುಕಿದಾಗ ಅದೂ ಅಲುಗಾಡಿ ಮಣ್ಣು ಉದುರುತ್ತದೆ. ಪೂರ್ತಿ ಅಲ್ಲ, ಅರ್ಧ.

ಸಣ್ಣಪುಟ್ಟವು ನಿಮಗೆ ಗೊತ್ತಿದ್ದದ್ದೇ. ಲಿವರ್ ತುದಿಯ ಗುಂಡು ಮುರಿದಿದ್ದರೆ ಬದಲಿಸಿ, 16 ಮಿಮೀ ಗುಂಡು ಇರಬೇಕು. ಹ್ಯಾಂಡಲ್ ತುದಿಗೆ ಪ್ಲಗ್. ಫುಟ್‌ರೆಸ್ಟ್ ಮಡಚಿ ಬಿಟ್ಟರೆ ತಾನೇ ವಾಪಸ್ ಬರಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗಲೂ ಆಕ್ಸಿಲರೇಟರ್ ಪಟ್ಟನೆ ಮುಚ್ಚಬೇಕು. ಚೈನ್ ಬಿಗಿ ನೋಡುವಾಗ ಒಬ್ಬರನ್ನು ಗಾಡಿ ಮೇಲೆ ಕೂರಿಸಿ ನೋಡಿ, ಸ್ಟ್ಯಾಂಡ್ ಮೇಲಿನ ಲೆಕ್ಕ ಸುಳ್ಳು ಹೇಳುತ್ತದೆ. ಆರ್‌ಸಿ, ಇನ್ಶೂರೆನ್ಸ್, ಪಿಯುಸಿ ಮೂರೂ ಚಾಲ್ತಿಯಲ್ಲಿರಲಿ. ನಡುವೆ ಡಾಂಬರ್ ರಸ್ತೆ ಬಂದೇ ಬರುತ್ತದೆ.

ಈ ಸಲ ಛೋಟಾ ಹಾಥಿ ಮಾಡಲಿಲ್ಲ, ಓಡಿಸಿಕೊಂಡೇ ಹೋದೆ. ಕಮಲಾಪುರದಲ್ಲಿ ನಿಂತು ಕೆಂಪು ಬಾಳೆಹಣ್ಣು ತಿನ್ನುತ್ತಾ ಸ್ಪೋಕ್ ತಟ್ಟಿ ನೋಡಿದೆ. ಎಲ್ಲ ಟಿಂಗ್. ಹುಮನಾಬಾದ್ ದಾಟಿ ಬೀದರ್ ಕಡೆ ಹೋದಂತೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಎರೆಮಣ್ಣಿನ ಅಂಟು ಇಲ್ಲ, ಆದರೆ ಕೈಗೆ ಹೊಡೆತ ಜಾಸ್ತಿ.

ತಪಾಸಣೆ ಮಾಡಿದವರಲ್ಲಿ ಒಬ್ಬರು ಹಿಂದಿನ ಸಲ ನನ್ನನ್ನು ನಿಲ್ಲಿಸಿದವರೇ. ಗಾಡಿ ನೋಡಿ ಗುರುತು ಹಿಡಿದರು. ನೇರ ಹಿಂದಿನ ಗಾಲಿಗೇ ಕೈ ಹಾಕಿದರು. ಎಳೆದರು, ದೂಡಿದರು, ಇನ್ನೊಬ್ಬರನ್ನು ಕರೆದು ಆರ್ಮ್ ಬುಡಕ್ಕೆ ಬೆರಳು ಇಡಿಸಿ ಮತ್ತೆ ದೂಡಿದರು. "ಆರ್ಮ್ ಹೊಸಾದು ಹಾಕಿಸೀರೇನ್ರಿ?" ಅಂದರು. ಹಳೆಯದೇ ಅಂದೆ. ನಂಬಲಿಲ್ಲ ಅನಿಸುತ್ತೆ. ಶಬ್ದ 94 ಬಂತು. ಸ್ಟಿಕರ್ ಅಂಟಿಸಿದರು. ಎಕ್ಸ್‌ಪಲ್ಸ್ ಗೆಳೆಯರಲ್ಲಿ ಒಬ್ಬ ಸ್ಟೀರಿಂಗ್ ಲೂಸ್ ಅಂತ ಪಕ್ಕಕ್ಕೆ ನಿಂತಿದ್ದ. ನನ್ನ ಪಾನಾ ಕೊಟ್ಟು ನಾನೇ ಬಿಗಿ ಮಾಡಿಸಿದೆ. ಆಮೇಲೆ ಅವನಿಗೂ ಸ್ಟಿಕರ್ ಸಿಕ್ಕಿತು.

ಒಟ್ಟು ಖರ್ಚು ನೆನಪಿದ್ದಂತೆ ಹೇಳುತ್ತೇನೆ. ಸರಿಹೋದ ಬುಷ್, ಸ್ಲೀವ್, ರೀಮರ್ ಕೆಲಸ ಎಲ್ಲ ಸೇರಿ ₹1,600. ಬೇರಿಂಗ್, ಸೀಲ್, ಬ್ರೇಕ್, ಚೈನ್ ಸೆಟ್, ಕೇಬಲ್ ಸುಮಾರು ₹6,000. ಹಿಂದಿನ ಗಾಲಿಯ ಗುಬ್ಬಿ (ದಪ್ಪ ಉಬ್ಬುಗಳಿರುವ) ಟೈರ್ ₹3,200. ದಪ್ಪ ಟ್ಯೂಬ್, ಸೈಲೆನ್ಸರ್ ಸಾಮಾನು ಎಲ್ಲ ಹಿಡಿದು ₹13,000 ಒಳಗೇ ಆಯಿತು. ಸರಿಹೋಗದ ಪ್ರಯೋಗಗಳಿಗೆ ಹೋದದ್ದು ಇನ್ನೊಂದು ಎರಡು ಮೂರು ಸಾವಿರ. ಅದನ್ನು ಮನೆಯಲ್ಲಿ ಹೇಳಿಲ್ಲ.

ರೈಡ್ ಮುಗಿದು ಈಗ 700 ಕಿಲೋಮೀಟರ್ ಮೇಲೆ ಓಡಿದೆ. ಮೊನ್ನೆ ಆರ್ಮ್ ಬಿಚ್ಚಿ ಅಳೆದೆ, ಸವೆದದ್ದು ಗೇಜ್‌ಗೆ ಸಿಗುವಷ್ಟೂ ಇಲ್ಲ. ಓಣಿಯ ಉಸ್ತಾದ್ ಬಂದು ನೋಡಿ, ಅವರ ಹತ್ತಿರ ಬಿದ್ದಿರುವ ಇನ್ನೊಂದು ಇಂಪಲ್ಸ್‌ಗೂ ಅಳತೆ ಕೊಡಿ ಅಂದರು. ಅಳತೆ ಬಾಯಲ್ಲಿ ಹೇಳಿ ಉಪಯೋಗ ಇಲ್ಲ, ಒಂದೊಂದು ಆರ್ಮ್ ತೂತು ಒಂದೊಂದು ಥರ ಸವೆದಿರುತ್ತದೆ. ಮಾಡಿಸಬೇಕು ಅನ್ನುವವರು ಆರ್ಮ್, ಅದರ ಪಿನ್ (ಬೋಲ್ಟ್) ಎರಡೂ ಬಿಚ್ಚಿ ತನ್ನಿ. ಭಾನುವಾರ ಲೇತ್ ರಜೆ.